ಕೊಯ್ದ ಹಾಳೆ

ಪುಸ್ತಕವನ್ನು ಕೊಯ್ದಿದ್ದರು. ಹರಿದದ್ದಲ್ಲ, ಹುಳ ತಿಂದದ್ದೂ ಅಲ್ಲ. ಹೊಲಿಗೆಗೆ ಒತ್ತಿ ಬ್ಲೇಡು ಇಟ್ಟು, ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಹಾಳೆ ತೆಗೆದಿದ್ದರು. ನಾನು ಯೂನಿವರ್ಸಿಟಿ ಲೈಬ್ರರಿಯ ಮೇಲಿನ ಮಹಡಿಯಲ್ಲಿ, ತಿರುಗದ ಫ್ಯಾನಿನ ಕೆಳಗೆ, ಬಾಯಿ ತೆರೆದುಕೊಂಡು ಕೂತಿದ್ದೆ.

ಶಾಸನ ಸಂಪುಟ ನೋಡದವರಿಗೆ ಒಂದು ಮಾತು ಹೇಳಬೇಕು. ಆ ದಪ್ಪ ಪುಸ್ತಕದಲ್ಲಿ ಒಂದೊಂದು ಶಾಸನವೂ ಮೂರು ಕಡೆ ಇರುತ್ತದೆ. ಮೊದಲ ಭಾಗದಲ್ಲಿ ಕಲ್ಲಿನ ಮೇಲಿದ್ದ ಹಾಗೇ ಕನ್ನಡ ಅಕ್ಷರದಲ್ಲಿ, ನಡುವಿನ ಭಾಗದಲ್ಲಿ ಅದೇ ಹಳಗನ್ನಡ ಇಂಗ್ಲಿಷ್ ಅಕ್ಷರದಲ್ಲಿ, ಕೊನೆಯ ಭಾಗದಲ್ಲಿ ಅದರ ಇಂಗ್ಲಿಷ್ ಅನುವಾದ. ಒಂದು ಕಡೆ ಹಾಳೆ ಹೋಗಿದ್ದರೆ ಇನ್ನೊಂದು ಕಡೆ ಓದಿಕೊಳ್ಳಬಹುದು. ಹಾಗಂದುಕೊಂಡೇ ನಡುವಿನ ಭಾಗಕ್ಕೆ ಹೋದೆ. ಅಲ್ಲೂ ಕೊಯ್ದಿತ್ತು. ಕೊನೆಯ ಭಾಗಕ್ಕೆ ಹೋದೆ. ಅಲ್ಲೂ ಇಲ್ಲ. ಅಷ್ಟು ದೊಡ್ಡ ಸಂಪುಟದಲ್ಲಿ ಬೇರೆ ಒಂದು ಹಾಳೆಯೂ ಹೋಗಿರಲಿಲ್ಲ. ಹೋಗಿದ್ದು ಹೊನ್ನೆಕಟ್ಟೆಯ ತೂಬಿನ ಶಾಸನ ಮಾತ್ರ. ಹೊನ್ನೆಕಟ್ಟೆ ನಮ್ಮ ಊರು.

ಪುಸ್ತಕ ಹರಿಯುವ ದಡ್ಡರನ್ನು ನಾನು ಕಂಡಿದ್ದೇನೆ. ಇವನು ಅಂಥವನಲ್ಲ. ಈ ಸಂಪುಟವನ್ನು ಹೇಗೆ ಬಳಸಬೇಕೆಂದು ಕಲಿತವನು, ಓದಿದ ಕಳ್ಳ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

"ಇವನ ಕೈ ಸೇದಿಹೋಗ!" ಎಂದು ಗಟ್ಟಿಯಾಗಿಯೇ ಬೈದೆ.

ಆ ಮಹಡಿಯ ಅಟೆಂಡರ್ ದುರುಗಪ್ಪ ಸ್ಟೂಲಿನಿಂದ ಎದ್ದು ಬಂದ. ಮಾತಾಡಬೇಡಿ ಅನ್ನಲು ಬಂದವನು, ಮೇಜಿನ ಮೇಲೆ ಬಿಚ್ಚಿದ್ದ ಪುಸ್ತಕ ನೋಡಿ ನಿಂತುಬಿಟ್ಟ. ಹಾಳೆ ಹೋದ ಜಾಗದ ಮೇಲೆ ಬೆರಳಾಡಿಸಿ, ಆಮೇಲೆ ನನ್ನ ಮುಖ ನೋಡಿ, ಆಮೇಲೆ ನನ್ನ ಕೈಚೀಲ ನೋಡಿದ.

"ಚೀಲ ಒಂಚೂರು ತೆಗೀರಮ್ಮ," ಅಂದ.

"ಏನ್ರೀ, ನಾನು ಕೊಯ್ದೆ ಅಂತೀರಾ?"

"ನಾನೇನೂ ಅನ್ನಲ್ಲ. ಈ ಬುಕ್ಕು ಕೇಳಿದೋರು ನೀವೇ. ಧೂಳು ಹೊಡೆದು ತಂದ್ಕೊಟ್ಟೋನು ನಾನೇ."

ಚೀಲದಲ್ಲಿ ಅವಲಕ್ಕಿ ಡಬ್ಬಿ, ಬಸ್ಸಿನ ಟಿಕೀಟು, ಹೇರ್‌ಪಿನ್ನು ಬಿಟ್ಟು ಏನೂ ಸಿಗಲಿಲ್ಲ. ಆದರೂ ನನ್ನ ಕಾರ್ಡು ಇಸಿದುಕೊಂಡರು. ವಿಚಾರಣೆ ಮುಗಿಯುವ ತನಕ ಲೈಬ್ರರಿಗೆ ಬರುವ ಹಾಗಿಲ್ಲ ಎಂದು ಕೆಳಗಿನ ಆಫೀಸಿನಲ್ಲಿ ಹೇಳಿ ಕಳಿಸಿದರು. ಕೆರೆಗಳ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿದ್ದವಳನ್ನು ಪುಸ್ತಕಗಳ್ಳಿ ಎಂದು ಹೊರಗೆ ಹಾಕಿದ್ದರು. ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನ ಥೀಸಿಸ್ಸಿಗಾಗಿ ಅತ್ತದ್ದಲ್ಲ. ಆ ಹಾಳೆ ನನಗೆ ಬೇಕಾಗಿದ್ದದ್ದು ಹಾಲಮ್ಮನ ಮದುವೆಗೆ.

ಹಾಲಮ್ಮ ನನ್ನ ದೊಡ್ಡಪ್ಪ ಮರುಳಪ್ಪನವರ ಒಬ್ಬಳೇ ಮಗಳು. ಹೊನ್ನೆಕಟ್ಟೆ ಇರುವುದು ಸಂತೇಬೆನ್ನೂರಿನ ಆಚೆ. ಸೂಳೆಕೆರೆ ನೋಡಿದವರಿಗೆ ನಮ್ಮ ಕೆರೆ ಒಂದು ಕುಂಟೆಯ ಹಾಗೆ ಕಾಣುತ್ತದೆ. ಆದರೆ ನಮ್ಮ ಮನೆಯವರ ಪ್ರಕಾರ ಅಂಥ ಕೆರೆ ಲೋಕದಲ್ಲಿಲ್ಲ, ಯಾಕೆಂದರೆ ಗದ್ದೆಗೆ ನೀರು ಬಿಡುವ ಅದರ ತೂಬಿನೊಳಗೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಹಿಂದಿನ ಕಾಲದಲ್ಲಿ ಏರಿ ನಿಲ್ಲದೆ ಒಡೆದು ಒಡೆದು ಹೋಗುತ್ತಿತ್ತಂತೆ. ಆಗ ಕೆರೆಯಾಚೆಯ, ತೂಬು ಕಾಯುವ ತೂಬಿನವರ ಮನೆಗೆ ನಮ್ಮ ಹುಡುಗಿಯನ್ನು ಸೊಸೆಯಾಗಿ ಕೊಟ್ಟಿದ್ದರಂತೆ. ಆ ಪಾಪಿಗಳು ಬಂಗಾರದಂಥ ಸೊಸೆಯನ್ನು ಜೀವಂತ ತೂಬಿನಲ್ಲಿಟ್ಟು ಕಲ್ಲು ಮುಚ್ಚಿದರಂತೆ. ಅವತ್ತಿನಿಂದ ನಮ್ಮವರು ತೂಬಿನವರಿಗೆ ಹೆಣ್ಣು ಕೊಡುವುದಿಲ್ಲ, ಅವರ ಮನೆಯ ನೀರು ಮುಟ್ಟುವುದಿಲ್ಲ.

ಸುಳ್ಳಾಗಿದ್ದರೆ ತೂಬಿನವರು ದೀಪ ಯಾಕೆ ಹಚ್ಚುತ್ತಾರೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಕಾರ್ತೀಕದಲ್ಲಿ ಆ ಮನೆಯವರು ತೂಬಿನ ಕಲ್ಲಿನ ಮೇಲೆ ತಪ್ಪದೆ ದೀಪ ಇಡುತ್ತಾರೆ. ಯಾಕೆಂದು ಅವರಿಗೂ ತಿಳಿಯದು, ಹಿರಿಯರು ಮಾಡಿದ್ದು ನಾವೂ ಮಾಡುತ್ತೇವೆ ಅನ್ನುತ್ತಾರೆ. "ಮಾಡಿದ ಪಾಪ ಕಾಡ್ತೈತೆ, ಹಚ್ತಾರೆ," ಎಂದು ದೊಡ್ಡಪ್ಪ ನಮ್ಮ ಜಗುಲಿಯಲ್ಲಿ ಕೂತು ಆ ದೀಪದ ಕಡೆ ಕೈ ತೋರಿಸುತ್ತಿದ್ದರು.

ಹೀಗಿರುವಾಗ ನಮ್ಮ ಹಾಲಮ್ಮ ತೂಬಿನವರ ಮನೆಯ ನಾಗೇಂದ್ರನನ್ನೇ ಮೆಚ್ಚಿದಳು. ಅವನು ಜಗಳೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಒಂದೇ ಜಾತಿ, ಒಂದೇ ಮಠ, ಒಳ್ಳೆಯ ನಡತೆ. ದೊಡ್ಡಪ್ಪ ಒಪ್ಪಲಿಲ್ಲ. ಹುಡುಗಿ ಜಗಳ ಆಡಲಿಲ್ಲ, ಓಡಿ ಹೋಗಲಿಲ್ಲ, ಬೇರೆ ಬಂದ ಗಂಡುಗಳ ಮುಂದೆ ಮಾತ್ರ ಬಂದು ಕೂರಲಿಲ್ಲ. ದೊಡ್ಡಪ್ಪ ಅವಳೊಂದಿಗೆ ಮಾತು ಬಿಟ್ಟರು. ಹೀಗೆ ಒಂದು ವರ್ಷ ಕಳೆಯಿತು. ಅವಳು ಕಡ್ಡಿಯಾಗಿದ್ದಳು. ಹೋದ ಯುಗಾದಿಗೆ ನಾನು ಹೋದಾಗ ನೋಡಲಾಗದೆ ದೊಡ್ಡಪ್ಪನ ಹತ್ತಿರ ಜಗಳಕ್ಕೇ ನಿಂತೆ.

"ಆ ಕಥೆ ನಿಜ ಅಂತ ಎಲ್ಲಿ ಬರೆದಿದೆ ದೊಡ್ಡಪ್ಪ?"

"ಎಲ್ಲಿ ಬರ್ದೈತೆ? ನಮ್ಮ ಪೂಜೆ ಮನೇಲೇ ಐತೆ. ನಿಮ್ಮಪ್ಪನೇ ತಂದಿದ್ದು. ನಿಂಗೆ ನಂಬಿಕೆ ಇಲ್ಲ ಅಂದ್ರೆ ನಿಮ್ಮ ಯೂನಿವರ್ಸಿಟಿ ಬುಕ್ಕಿನಾಗೆ ನೋಡ್ಕಂಡು ಬಾ. ತೂಬಿನೋರು ನಮ್ಮ ಹುಡುಗಿನ ಕೊಲ್ಲಲಿಲ್ಲ ಅಂತ ಅದ್ರಾಗೆ ಇದ್ರೆ ತಂದು ತೋರ್ಸು. ಮುಂದಿನ ಲಗ್ನದಾಗೆ ನಾನೇ ಧಾರೆ ಎರೀತೀನಿ."

ಪೂಜೆ ಮನೆಯ ಗೋಡೆಯಲ್ಲಿ ಒಂದು ಪಟವಿತ್ತು. ನಾವು ಮಕ್ಕಳಾಗಿದ್ದಾಗಿನಿಂದ ಅದನ್ನು ಪತ್ರ ಅನ್ನುತ್ತಿದ್ದೆವು. ಗಾಜಿನ ಮೇಲೆ ವಿಭೂತಿ, ಕುಂಕುಮ, ಊದುಬತ್ತಿಯ ಹೊಗೆ ಕೂತು, ಒಳಗೆ ಏನೋ ಅಕ್ಷರವಿದೆ ಎನ್ನುವಷ್ಟೇ ಕಾಣುತ್ತಿತ್ತು. ಹಬ್ಬಕ್ಕೆ ಅದಕ್ಕೂ ಮಂಗಳಾರತಿ. ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ನಾನೂ ಅದು ಯಾವುದೋ ಅರಸ ಕೊಟ್ಟ ಸನ್ನದು ಇರಬೇಕೆಂದು ತಿಳಿದು, ದೂರದಿಂದ ಕೈಮುಗಿದು ಬರುತ್ತಿದ್ದೆ. ಸಂಶೋಧಕಿ ಅಂತೆ! ಲೋಕದ ಕಲ್ಲೆಲ್ಲ ಓದುವವಳು ನಮ್ಮ ಮನೆಯ ಗೋಡೆ ಓದಿರಲಿಲ್ಲ.

ಅವತ್ತು ಅಪ್ಪನೂ ಅಲ್ಲಿದ್ದರು. "ಹಳೇ ಬುಕ್ಕಿನಾಗೆ ಏನು ಸಿಗ್ತೈತೆ ಮಂಗಳಾ, ಬ್ಯಾಡ ಬಿಡವ್ವ," ಅಂದಿದ್ದರು. ನನಗೆ ಆಶ್ಚರ್ಯವಾಗಿತ್ತು. ಶಾಸನ ಓದುವುದನ್ನು ನನಗೆ ಕಲಿಸಿದವರೇ ಅಪ್ಪ. ನ್ಯಾಮತಿ, ಹೊನ್ನಾಳಿಯ ಶಾಲೆಗಳಲ್ಲಿ ಹೆಡ್‌ಮಾಸ್ಟರಾಗಿದ್ದ ಷಣ್ಮುಖಪ್ಪನವರು. ಪುಸ್ತಕದ ಹಾಳೆಯ ಮೂಲೆ ಮಡಿಸಿದರೆ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು.

ಲೈಬ್ರರಿಯಿಂದ ಹೊರಬಿದ್ದವಳು ಸೀದಾ ಹೊನ್ನಾಳಿಗೆ, ಅಪ್ಪನ ಮನೆಗೆ ಬಂದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ರೊಟ್ಟಿ ತಟ್ಟುತ್ತಿದ್ದವರು ನನ್ನ ಮುಖ ನೋಡಿ ಎದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕದ್ದವನ ಕೈಗೆ ಹಾಕಿದ ಶಾಪವನ್ನೂ ಹೇಳಿದೆ.

ಅಪ್ಪ ಹಿಟ್ಟು ಮೆತ್ತಿದ್ದ ಕೈ ನೋಡಿಕೊಂಡರು.

"ನಿನ್ನ ಮೇಲೆ ಅನುಮಾನ ಪಟ್ರಾ?"

"ಚೀಲ ಹುಡುಕಿದರು ಅಪ್ಪ. ಎಲ್ಲರ ಮುಂದೆ."

"ನಿನ್ನ ಚೀಲ ಹುಡುಕಿದ್ರಾ," ಎಂದು ಮತ್ತೊಮ್ಮೆ ಅಂದು, ಒಲೆಯ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ನೋಡುತ್ತಾ ಕೂತರು.

"ಹೋಗಲಿ ಬಿಡಿ. ಆ ಪುಸ್ತಕದ ಇನ್ನೊಂದು ಪ್ರತಿ ಧಾರವಾಡದಲ್ಲಿ ಇದ್ದೇ ಇರುತ್ತದೆ. ನಾಳೆಯೇ ಬರೆದು ಹಾಕುತ್ತೇನೆ, ನಕಲು ಕಳಿಸುತ್ತಾರೆ."

ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನಾನೇಳುವ ಹೊತ್ತಿಗೆ ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಧಾರವಾಡಕ್ಕೆ ಬರಿಯಾದು ಬ್ಯಾಡ. ಹೊನ್ನೆಕಟ್ಟೆಗೆ ಹೋಗಾಣ ನಡಿ," ಅಂದರು. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಕೂತವರು ಚನ್ನಗಿರಿ ದಾಟುವ ತನಕ ಒಂದು ಮಾತೂ ಆಡಲಿಲ್ಲ. ಮಗಳಿಗಾದ ಅವಮಾನಕ್ಕೆ ಹೀಗಾಗಿದ್ದಾರೆ ಎಂದುಕೊಂಡು ನಾನು ಸಂತೋಷವನ್ನೇ ಪಟ್ಟೆ.

ನಾವು ಹೋದಾಗ ದೊಡ್ಡಪ್ಪ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಶಂಕ್ರಮ್ಮ ನೀರು ತಂದಿಟ್ಟಳು. ಹಾಲಮ್ಮ ನಡುಮನೆಯ ಕಂಬಕ್ಕೆ ಒರಗಿ, ನನ್ನ ಮುಖದಲ್ಲೇ ಉತ್ತರ ಹುಡುಕುತ್ತಾ ನಿಂತಳು. ಅವಳಿಗೆ ಹೇಗೆ ಹೇಳಲಿ? ಕೊನೆಗೆ ಹೇಳಿದೆ. ಪುಸ್ತಕವಿದೆ, ಹಾಳೆ ಇಲ್ಲ, ಯಾರೋ ಕೊಯ್ದಿದ್ದಾರೆ.

ದೊಡ್ಡಪ್ಪ ತೊಡೆ ತಟ್ಟಿ ನಕ್ಕರು. "ತೂಬಿನೋರೇ ಕೊಯ್ಸಿರ್ತಾರೆ ಬಿಡು! ಮಾಡಿದ್ದು ಹೊರಗೆ ಬರ್ತೈತಂತ. ಅಲ್ಲಿ ಇಲ್ಲದಿದ್ರೆ ಏನಾತು ತಾಯಿ? ನಮ್ಮನೇದು ಎಲ್ಲಿಗೂ ಹೋಗಿಲ್ಲ. ನೀನು ಓದಿದೋಳು. ನೀನೇ ಓದಿ ಇವ್ಳಿಗೆ ಹೇಳು, ಇವ್ಳ ಹಟ ಇವತ್ತಿಗೆ ಮುಗೀಲಿ."

ಒಳಗೆ ಹೋಗಿ, ಮಣೆಯ ಮೇಲೆ ಹತ್ತಿ, ತಾವೇ ಪಟ ಇಳಿಸಿಕೊಂಡು ಬಂದರು. ಹೆಗಲ ಮೇಲಿನ ಟವೆಲಿಗೆ ನೀರು ಹಚ್ಚಿ ಗಾಜು ಒರೆಸಿದರು. ವರ್ಷಗಳ ವಿಭೂತಿ ಕೆಸರಾಗಿ ಇಳಿಯಿತು. ಪಟವನ್ನು ನನ್ನ ಮಡಿಲಲ್ಲಿಟ್ಟರು.

ಒಳಗಿದ್ದದ್ದು ಸನ್ನದಲ್ಲ. ಅಚ್ಚಾದ ಹಾಳೆ. ಇಂಗ್ಲಿಷ್ ಅಕ್ಷರ, ಅಕ್ಷರಗಳ ಮೇಲೆ ಕೆಳಗೆ ಗೀಟು, ಚುಕ್ಕೆ. ಮೇಲಿನ ಮೂಲೆಯಲ್ಲಿ ಪುಟದ ಸಂಖ್ಯೆ. ಎಡಗಡೆಯ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರವಾಗಿತ್ತು.

ಹಿಂದಿನ ದಿನ ಲೈಬ್ರರಿಯಲ್ಲಿ ಸಿಗದ ಹಾಳೆ. ನಡುವಿನ ಭಾಗದ್ದು. ಇಂಗ್ಲಿಷ್ ಬಲ್ಲ ಹಾಲಮ್ಮ ನೋಡಿದರೂ ಅರ್ಥವಾಗುವುದಿಲ್ಲ, ಯಾಕೆಂದರೆ ಮಾತು ಹಳಗನ್ನಡ. ಕನ್ನಡ ಬಲ್ಲ ದೊಡ್ಡಪ್ಪ ನೋಡಿದರೂ ತಿಳಿಯುವುದಿಲ್ಲ, ಯಾಕೆಂದರೆ ಅಕ್ಷರ ಇಂಗ್ಲಿಷ್. ಈ ಮನೆಯಲ್ಲಿ ಇದನ್ನು ಓದಬಲ್ಲವರು ಇಬ್ಬರೇ. ನಾನು, ನನಗೆ ಕಲಿಸಿದವರು. ಅಪ್ಪನ ಕಡೆ ತಿರುಗಿದೆ. ಅವರು ಕೋಟಿನ ಗುಂಡಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ನಾನು ಶಾಪ ಹಾಕಿದ್ದು ಅಪ್ಪನ ಕೈಗೆ.

"ಅಪ್ಪ, ನೀವಾ?"

"ಓದು ಮಂಗಳಾ," ಅಂದರು. "ಗಟ್ಟಿಯಾಗಿ ಓದಿ ಅರ್ಥ ಹೇಳು. ನನ್ನ ಬಾಯಿಂದ ಆಗಾದಿಲ್ಲ."

ಓದಿದೆ. ಸ್ವಸ್ತಿಯಿಂದ ಶುರುವಾಗಿ, ಆಳುವ ಅರಸನ ಹೆಸರು, ವರ್ಷ, ತಿಥಿ. ಹೊನ್ನೆಯ ಕಟ್ಟೆಯ ಏರಿ ನಿಲ್ಲದೆ ಹೋಗಲು ಊರ ಗೌಡ ಬೊಮ್ಮಯ್ಯನು... ಅಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಮತ್ತೆ ಮೊದಲಿನಿಂದ ಓದಿದೆ. ತಪ್ಪು ಓದುತ್ತಿಲ್ಲ ಎಂದು ಖಾತ್ರಿಯಾಗಲು ಬೆರಳಿಟ್ಟು ಓದಿದೆ.

"ಏನಂತೆ?" ಅಂದರು ದೊಡ್ಡಪ್ಪ. "ಬೊಮ್ಮಯ್ಯ ಅಂದ್ರೆ ನಮ್ಮ ಮೂಲಪುರುಷ. ಮುಂದೆ ಹೇಳು, ಸೊಸೆನ ಕೊಂದೋರು ಯಾರು?"

"ಸೊಸೆ ಅಂತ ಇಲ್ಲ ದೊಡ್ಡಪ್ಪ. ಗೌಡ ಬೊಮ್ಮಯ್ಯನು ತನ್ನ ಮಗಳನ್ನು ತೂಬಿಗೆ ಕೊಟ್ಟು ಕೆರೆಯನ್ನು ನಿಲ್ಲಿಸಿದನು. ಅದಕ್ಕೆ ಮೆಚ್ಚಿ ಅವನಿಗೆ ಏರಿಯ ಕೆಳಗೆ ಗದ್ದೆ ಬಿಟ್ಟರು, ಅವನ ಮಕ್ಕಳು ಮೊಮ್ಮಕ್ಕಳು ಉಣ್ಣಬೇಕು ಅಂತ. ಆಮೇಲೆ ಗದ್ದೆಯ ನಾಲ್ಕು ಗಡಿ ಹೇಳಿದೆ."

ಗಡಿಗಳನ್ನು ಓದಬೇಕಾಗಿರಲಿಲ್ಲ. ಮೂಡಲಿಗೆ ಹೊನ್ನೆಮರದ ದಿಬ್ಬ, ಪಡುವಲಿಗೆ ತೂಬಿನ ಕಾಲುವೆ. ನಾವು ಕೂತಿದ್ದ ಜಗುಲಿಯಿಂದ ಆ ಗದ್ದೆ ಕಾಣುತ್ತಿತ್ತು. ಈ ಮನೆಯಲ್ಲಿ ಉಣ್ಣುವ ಅನ್ನವೂ ಅಲ್ಲಿಯದೇ.

"ತೂಬಿನೋರು?" ಎಂದರು ದೊಡ್ಡಪ್ಪ. ದನಿ ಇಳಿದಿತ್ತು.

"ಕೊನೆಯಲ್ಲಿದೆ. ಆ ಹೆಣ್ಣಿನ ಹೆಸರಲ್ಲಿ ಕಾರ್ತೀಕದಲ್ಲಿ ತೂಬಿನ ಮೇಲೆ ದೀಪ ಇಡುವುದು ತೂಬು ಕಾಯುವವರ ಕೆಲಸ. ಅವರ ವಂಶದವರು ತಪ್ಪದೆ ನಡೆಸಬೇಕು. ಅವರ ವಿಷಯ ಅಷ್ಟೇ."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ಕಾಲ ನಾವು ಬೆರಳು ತೋರಿಸಿ ಪಾಪದ ದೀಪ ಅಂದದ್ದು, ನಮ್ಮ ಹುಡುಗಿಗಾಗಿ ಆ ಮನೆಯವರು ಹಚ್ಚುತ್ತಾ ಬಂದ ದೀಪವಾಗಿತ್ತು. ನಾವು ಒಂದು ಬತ್ತಿಯನ್ನೂ ಹೊಸೆದವರಲ್ಲ.

ದೊಡ್ಡಪ್ಪ ತಮ್ಮನ ಕೋಟಿನ ತೋಳು ಹಿಡಿದರು. "ಷಣ್ಮುಖ, ಇದು ನಿಂಗೆ ಗೊತ್ತಿತ್ತಾ? ನೀನೇನು ಹೇಳಿದ್ದೆ ನಂಗೆ?"

"ನೀನು ಹೇಳ್ಕಂಡು ಬಂದಿದ್ದಕ್ಕೇ ಹೂಂ ಅಂದಿದ್ದೆ ಅಣ್ಣ." ಅಪ್ಪನಿಗೆ ಕಣ್ಣಲ್ಲಿ ನೀರು ತುಂಬಿತ್ತು. "ಬಿ.ಎ. ಓದಾಕೆ ಹೋದಾಗ ಅದೇ ಲೈಬ್ರರಿನಾಗೆ ಮೊದ್ಲು ಹುಡುಕಿದ್ದೇ ನಮ್ಮೂರ ಶಾಸನ. ಗೆಳೆಯರಿಗೆ ತೋರ್ಸಿ ಜಂಬ ಪಡಾಕೆ. ಅವ್ರನ್ನ ಕರ್ಕಂಡು ಬರೋ ಮೊದ್ಲು ನಾನೊಬ್ನೇ ಓದಿದೆ. ಮೈಮೇಲೆ ಕೆಂಡ ಸುರಿದಂಗಾತು. ಮೂರು ಕಡೆನೂ ಕೊಯ್ದೆ. ಎರಡು ಹಾಳೆ ಸುಟ್ಟೆ. ಇದನ್ನ ಸುಡಾಕೆ ಕೈ ಬರಲಿಲ್ಲ. ಆ ಹುಡುಗಿ ಗುರುತು ಅಂತ ಇರೋದು ಇದೊಂದೇ, ಕಲ್ಲೂ ನಾಲೆ ತೋಡೋವಾಗ ಹೋಗಿತ್ತು. ಟ್ರಂಕಿನ ತಳದಾಗೆ ಇಟ್ಟಿದ್ದೆ. ನೀನು ಟ್ರಂಕು ತೆಗೆದು, ಇದೇನೋ ಅಂದೆ. ನಾನು, ನಮ್ಮೂರ ಶಾಸನ ಅಂದೆ. ನೀನು, ಏನಂತ ಬರ್ದೈತೆ, ತೂಬಿನೋರ ಪಾಪಾನಾ ಅಂದೆ. ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ, ನಾನು ತಲೆ ಆಡಿಸಿಬಿಟ್ಟೆ. ಮುಂದಿನ ರಜಕ್ಕೆ ನಾನು ಬರೋ ಹೊತ್ತಿಗೆ ನೀನು ಕಟ್ಟು ಹಾಕ್ಸಿ ದೇವ್ರ ಪಕ್ಕ ಇಟ್ಟಿದ್ದೆ."

ಬೇರೆ ಊರುಗಳಲ್ಲೂ ಆ ಪುಸ್ತಕವಿದೆ ಎಂಬುದು ಅಪ್ಪನಿಗೆ ತಿಳಿಯದ್ದಲ್ಲ. ನಾಚಿಕೆಗೆ ಅಷ್ಟೆಲ್ಲ ಯೋಚನೆ ಇರುವುದಿಲ್ಲ. ನನಗೆ ಅಪ್ಪನ ಮೇಲೆ ಹೇಸಿಗೆಯಾಯಿತು, ಅಯ್ಯೋ ಅಂತಲೂ ಅನಿಸಿತು. ತಾವೇ ತಂದ ಸುಳ್ಳಿಗೆ ಹಬ್ಬಹಬ್ಬಕ್ಕೂ ಮಂಗಳಾರತಿ ಆಗುವಾಗ ಕೈಮುಗಿದು ನಿಂತಿದ್ದರಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಲಮ್ಮ ಒಂದು ವರ್ಷ ಸೊರಗಿದ್ದನ್ನು ನೋಡಿಯೂ ಬಾಯಿ ಬಿಡಲಿಲ್ಲವಲ್ಲ. ಮಗಳ ಚೀಲ ಹುಡುಕಿದ ಮೇಲೆ ಬಾಯಿ ಬಿಟ್ಟರು.

"ಐನೂರು ವರ್ಷದ ಹಿಂದಿನ ಬೊಮ್ಮಯ್ಯ ನಮ್ಮವನೇ ಅಂತ ಹೇಳಲಿಕ್ಕಾಗುವುದಿಲ್ಲ ದೊಡ್ಡಪ್ಪ," ಅಂದೆ. ಇತಿಹಾಸ ಓದಿದವಳಾಗಿ ಅದನ್ನು ಹೇಳಲೇಬೇಕಿತ್ತು. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವನು ನಮ್ಮವನೆಂದು ಮೀಸೆ ತಿರುವಿಕೊಂಡು ಬಂದವರು ನಾವೇ, ಗದ್ದೆ ಉಣ್ಣುತ್ತಿರುವವರೂ ನಾವೇ.

ಹಾಲಮ್ಮ ಕಂಬ ಬಿಟ್ಟು ಬಂದು ನನ್ನ ಪಕ್ಕ ಕೂತಳು. ಹಾಳೆಯ ಮೇಲೆ ಬಗ್ಗಿದಳು.

"ಅವಳ ಹೆಸರೇನಕ್ಕ?"

ನಾನು ಮತ್ತೆ ಹುಡುಕಿದೆ. ಅರಸನ ಹೆಸರಿತ್ತು. ಗೌಡನ ಹೆಸರಿತ್ತು. ಕಲ್ಲು ಕೆತ್ತಿದ ಆಚಾರಿಯ ಹೆಸರು, ಅವನ ಅಪ್ಪನ ಹೆಸರೂ ಇತ್ತು.

"ಬರೆದಿಲ್ಲ ಕಣೇ."

ದೊಡ್ಡಪ್ಪ ಕೂತಲ್ಲೇ ಅವಳ ಕಡೆ ಕೈ ಚಾಚಿದರು. ಒಂದು ವರ್ಷದಲ್ಲಿ ಮೊದಲ ಸಲ ಅವಳೊಂದಿಗೆ ಮಾತಾಡಿದರು.

"ನಾನಾಗಿದ್ರೆ ಹಂಗೆ ಮಾಡ್ತಿರಲಿಲ್ಲ ಮಗಳೇ. ಹೆತ್ತೋನು ಹೆಂಗೆ ಮಾಡ್ತಾನೆ? ಮಗಳನ್ನ ಹಂಗೆ..."

"ಒಂದು ವರ್ಷದಿಂದ ನೀವು ಮಾಡಿದ್ದೇನಪ್ಪಾಜಿ?"

ಗಟ್ಟಿಯಾಗಿ ಕೇಳಲಿಲ್ಲ. ಸಿಟ್ಟೂ ಇರಲಿಲ್ಲ. ಆದರೆ ದೊಡ್ಡಪ್ಪನ ಕೈ ಚಾಚಿದಲ್ಲೇ ನಿಂತಿತು. ಅಷ್ಟು ದೊಡ್ಡ ಆಳು, ಪಂಚಾಯ್ತಿಯಲ್ಲಿ ಯಾರಿಗೂ ಮಾತು ಬಿಟ್ಟುಕೊಡದವರು, ಮಗಳ ಮೊಳಕೈಯ ಮೂಳೆ ನೋಡಿದರು, ಗುಳಿಬಿದ್ದ ಕೆನ್ನೆ ನೋಡಿದರು. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲವೋ ಏನೋ. ಅವರ ಮುಖ ಬಿಳುಚಿಕೊಂಡಿತು. ಅಂಥ ಮುಖ ನಾನು ಹಿಂದೆ ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು.

ಆಮೇಲೆ ನನ್ನ ಕಡೆ ತಿರುಗಿದರು.

"ಮಂಗಳಾ, ಆ ಹುಡುಗಿನ ಯಾರಾದ್ರೂ ಒಂದು ಮಾತು ಕೇಳಿದ್ರಂತಾ? ಹೋಗ್ತೀಯೇನವ್ವ ಅಂತ? ಅದೇನಾದ್ರೂ ಬರ್ದೈತಾ?"

"ಇಲ್ಲ ದೊಡ್ಡಪ್ಪ. ಅಂಥದ್ದೇನೂ ಇಲ್ಲ."

ತಲೆಯಾಡಿಸಿದರು. ಟವೆಲಿನಿಂದ ಮುಖ ಒರೆಸಿಕೊಂಡು ಮಗಳ ಕಡೆ ನೋಡಿದರು.

"ನಾನು ಕೇಳ್ತಾ ಇದೀನಿ ಹಾಲಮ್ಮ. ಆ ಮನೆಗೆ ನಿನ್ನ ಕೊಡ್ಲೇನವ್ವ?"

ಹಾಲಮ್ಮ ನನ್ನ ಮಡಿಲಿನಿಂದ ಪಟ ತೆಗೆದುಕೊಂಡು, ಮಗುಚಿ ನೆಲದ ಮೇಲಿಟ್ಟು, ಎದ್ದು ನಿಂತಳು.

"ನಾನೇ ಹೋಗ್ತೀನಿ ಅಪ್ಪಾಜಿ," ಅಂದಳು. "ನನ್ನ ಯಾರೂ ಕೊಡಾದು ಬ್ಯಾಡ."